ಕಮಿಷನ್ ಕೊಡದೆ ಸರ್ಕಾರಿ ಕಚೇರಿಗಳಿಗೆ ಸ್ಟೀಲ್ ಬೀರು ಮಾರಿದ್ದು: ನನ್ನ ಅನುಭವ

ಸರ್ಕಾರಕ್ಕೆ ಮಾಲು ಹಾಕುತ್ತೇನೆ ಅಂದಾಗ ಎಲ್ಲರೂ ಎರಡೇ ಮಾತು ಹೇಳಿದರು. ಪರ್ಸೆಂಟೇಜ್ ಕೊಡದೆ ಆರ್ಡರ್ ಬರಲ್ಲ. ಆರ್ಡರ್ ಬಂದರೂ ದುಡ್ಡು ಬರಲ್ಲ. ಹುಬ್ಬಳ್ಳಿಯ ತಾರಿಹಾಳದಲ್ಲಿ ನಾನು ಬೀರು ಮಾಡುವ ಶೆಡ್ಡಿನ ಅಕ್ಕಪಕ್ಕದವರು ಹೇಳಿದರು, ಆಡಿಟರ್ ಹೇಳಿದರು, ಶೀಟ್ ಸಾಲ ಕೊಡುವ ಡೀಲರ್ ಅಂತೂ ಸಾಲದ ಮಿತಿಯನ್ನೇ ಇಳಿಸಿದ. ಈಗ ನನ್ನ ವಹಿವಾಟಿನಲ್ಲಿ ಹತ್ತಿರ ಹತ್ತಿರ ಅರ್ಧ ಸರ್ಕಾರಿ ಕಚೇರಿಗಳದ್ದೇ. ಕಳೆದ ವರ್ಷ ಅರವತ್ತು ಲಕ್ಷದ ಮೇಲೆ ಆಗಿರಬೇಕು. ಅದೇ ಡೀಲರ್ ಈಗ ಬಿಡ್ ಹಾಕೋದು ಹೇಗೆ ಅಂತ ತನ್ನ ಮಗನನ್ನು ಕಳಿಸುತ್ತಾನೆ.

ಸಣ್ಣ ಉದ್ಯಮ ಅಂತ ಉದ್ಯಮ್ ನೋಂದಣಿ, ಸರ್ಕಾರಿ ಕಚೇರಿಗಳು ಕೊಳ್ಳುವ ಜೆಮ್ ಪೋರ್ಟಲಿನ ನೋಂದಣಿ, ಅಲ್ಲಿ ಮಾಲಿನ ಕ್ಯಾಟಲಾಗ್ ಇವೆಲ್ಲ ನಿಮಗೆ ಗೊತ್ತಿರುವುದೇ. ನಾನು ಜೆಮ್ ಸೇರಿದ್ದು 2019ರಲ್ಲಿ. ಆಮೇಲೆ ಯಾವಾಗಲೋ ಕಾಷನ್ ಮನಿ ಅಂತ ಠೇವಣಿ ಐದು ಸಾವಿರ ಕಟ್ಟಿದ ನೆನಪು. ನಾವೇ ತಯಾರಿಸುತ್ತೇವೆಯೇ ಅಂತ ನೋಡುವ ವೆಂಡರ್ ಅಸೆಸ್‌ಮೆಂಟಿಗೆ ಹನ್ನೊಂದು ಸಾವಿರದ ಚಿಲ್ಲರೆ, ಮೇಲೆ ಜಿಎಸ್‌ಟಿ. ಆ ದುಡ್ಡು ದಂಡ ಅಂತ ಆಗ ಅನ್ನಿಸಿತ್ತು. ಆದರೆ ತಯಾರಕರು ಎಂಬ ಗುರುತು ಸಿಕ್ಕ ಮೇಲೆ ಆಟವೇ ಬೇರೆ. ಜೆಮ್‌ನಲ್ಲಿ ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಠೇವಣಿ, ಮಾಫಿ ಸಿಗೋದು ತಯಾರಕರಿಗೆ, ತಂದು ಮಾರುವವರಿಗಲ್ಲ. ಜೊತೆಗೆ ಸ್ಟೀಲ್ ಬೀರು ಸಣ್ಣ ಉದ್ಯಮಗಳಿಗೇ ಮೀಸಲಿಟ್ಟ 358 ವಸ್ತುಗಳ ಪಟ್ಟಿಯಲ್ಲಿದೆ. ಹಾಗಾಗಿ ದೊಡ್ಡ ಕಂಪನಿಗಳ ಕಾಟ ಕಡಿಮೆ. ಕಾಟ ಏನಿದ್ದರೂ ನಮ್ಮಂಥವರದ್ದೇ.

ಆ ಕಾಟದ ಲೆಕ್ಕ ಕೇಳಿ. ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲದ ಬೀರು, 0.8 ಎಂಎಂ ಸಿಆರ್ (ಕೋಲ್ಡ್ ರೋಲ್ಡ್) ಸ್ಟೀಲ್ ಶೀಟು. ನನಗೆ ಸುಮಾರು ಐವತ್ತು ಕೆಜಿ ಶೀಟು ಬೇಕು. ಕೆಜಿಗೆ ಎಪ್ಪತ್ತು-ಎಪ್ಪತ್ತೆರಡು ಇದ್ದಾಗ ಶೀಟೇ 3,600. ಮಜೂರಿ, ಪೌಡರ್ ಕೋಟಿಂಗ್, ಬೀಗ, ಸಾಗಾಟ ಸೇರಿ 6,200 ದಾಟುತ್ತಿತ್ತು. ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಎದುರಾಳಿ ಜಿಎಸ್‌ಟಿ ಸೇರಿಸಿ ಆರು ಸಾವಿರಕ್ಕೆ ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ಬೆಲೆಯವನು, ಆಗುತ್ತಾನೆ! ಹೇಗೆ? 0.8 ಅಂತ ಬರೆದು 0.6 ಹಾಕುತ್ತಾನೆ. ಮೊದಲ ಒಂದು ವರ್ಷ ಪೂರ್ತಿ ಇವರ ಕೈಲಿ ಸೋತೆ. ಬೆಲೆ ಇಳಿಸಿ ಅಂತ ಎಲ್ಲರೂ ಅಂದರು. ಇಳಿಸಲಿಲ್ಲ.

ಇಳಿಸುವ ಬದಲು ಸಣ್ಣ ಆರ್ಡರಿಗೆ ಹೋದೆ. ಆಗ ಜೆಮ್‌ನಲ್ಲಿ 25,000 ರೂಪಾಯಿವರೆಗೆ ಬಿಡ್ ಇಲ್ಲದೆ ನೇರ ಖರೀದಿ ಮಾಡಬಹುದಿತ್ತು. ಆಮೇಲೆ ಆ ಮಿತಿ ಏರಿದೆ. ನನ್ನ ಬೀರು ಎಲ್ಲ ಸೇರಿ 7,900 ಅಂತ ಹಾಕಿದೆ. ಮೂರು ಬೀರು ಅಂದರೆ 23,700. ಬಿಡ್ ಇಲ್ಲ, ಬೆಲೆ ಇಳಿಸುತ್ತಾ ಹೋಗುವ ರಿವರ್ಸ್ ಆಕ್ಷನ್ ಇಲ್ಲ. ಲಾಭ ಏನೂ ಇರಲಿಲ್ಲ, ನಿಜ ಹೇಳಬೇಕೆಂದರೆ ಬೀರಿಗೆ ಮುನ್ನೂರು ಉಳಿದರೆ ಹೆಚ್ಚು. ನನಗೆ ಬೇಕಿದ್ದದ್ದು ಸ್ಟೋರ್ ಕೀಪರ್ ಮುಂದೆ ನಿಲ್ಲುವ ಅವಕಾಶ. ಪ್ರತಿ ಲೋಡಿನ ಚಲನ್ ಜೊತೆ ತೂಕದ ವೇಬ್ರಿಡ್ಜ್ ಚೀಟಿ ಪಿನ್ ಮಾಡಿ ಕೊಡುತ್ತಿದ್ದೆ. ಜೇಬಿನಿಂದ ಮೈಕ್ರೋಮೀಟರ್ ತೆಗೆದು ಬಾಗಿಲಿನ ಶೀಟು ಅಳೆದು ತೋರಿಸುತ್ತಿದ್ದೆ. ಹಾಗೇ ಸುಮ್ನೆ, ಅಲ್ಲೇ ಪಕ್ಕದಲ್ಲಿದ್ದ ಹಳೆ ಬೀರನ್ನೂ ಅಳೆಯುತ್ತಿದ್ದೆ. ಅಷ್ಟೇ ಸಾಕು. ಒಂದೆರಡು ಕಡೆ ಮುಂದಿನ ಬಿಡ್‌ನಲ್ಲಿ ಮಾಲು ಇಳಿಸುವಾಗ ದಪ್ಪ ಅಳೆದೇ ತೆಗೆದುಕೊಳ್ಳುತ್ತೇವೆ ಎಂಬ ಷರತ್ತು ಬಂತು. ಆರು ಸಾವಿರದವರು ಆ ಬಿಡ್‌ಗೆ ಬರಲೇ ಇಲ್ಲ.

ಪರ್ಸೆಂಟೇಜ್ ಯಾರೂ ಕೇಳಲಿಲ್ಲ ಅಂತ ಹೇಳಲ್ಲ. ಕೇಳಿದ ಕಡೆ ಜಗಳ ಮಾಡಲಿಲ್ಲ, ಮತ್ತೆ ಹೋಗಲೂ ಇಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಕೊಳ್ಳುವವರಿಗೆ ಬರವೇ? ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿದೆ, ಹೆಸ್ಕಾಂ ಇಲ್ಲಿದೆ, ವಾಯವ್ಯ ಸಾರಿಗೆ ಇಲ್ಲಿದೆ. ಧಾರವಾಡದ ಕಡೆ ಐಐಟಿ, ಐಐಐಟಿ, ಕೃಷಿ ವಿವಿ, ಕರ್ನಾಟಕ ವಿವಿ, ಹೈಕೋರ್ಟ್ ಪೀಠ. ಬ್ಯಾಂಕುಗಳ ಪ್ರಾದೇಶಿಕ ಕಚೇರಿಗಳು ಬೇರೆ. ಇವರಿಗೆಲ್ಲ ಫೈಲ್ ಇದೆ, ಫೈಲ್ ಇದ್ದ ಕಡೆ ಬೀರು ಬೇಕು.

ಹತ್ತಿರದವರೇ ಸಾಕು ಎಂಬ ಹಟಕ್ಕೆ ಬೀಳುವ ಮುಂಚೆ ಒಂದು ದೊಡ್ಡ ಆರ್ಡರ್ ಬಂದಿತ್ತು. ಕರಾವಳಿಯ ಒಂದು ಕಚೇರಿ, ಅರವತ್ತು ಬೀರು, ನಾಲ್ಕು ಲಕ್ಷದ ಮೇಲೆ. ಇಎಂಡಿ ಮಾಫಿ ಆದರೂ, ಮಾಲು ಸರಿಯಾಗಿ ಕೊಡುತ್ತೇವೆ ಎಂಬುದಕ್ಕೆ ಇಡುವ ಪರ್ಫಾರ್ಮೆನ್ಸ್ ಗ್ಯಾರಂಟಿಗೆ ಮಾಫಿ ಇಲ್ಲ. ಬ್ಯಾಂಕಿನವರು ನಮ್ಮಂಥವರ ಗ್ಯಾರಂಟಿಗೆ ನೂರಕ್ಕೆ ನೂರು ಎಫ್‌ಡಿ ಇಡಿಸಿಕೊಳ್ಳುತ್ತಾರೆ. ಇಟ್ಟೆ. ಮಾಲು ಹೋಯಿತು. ಅಲ್ಲಿ ಹೊಸ ಕಟ್ಟಡಕ್ಕೆ ಬಾಗಿಲೇ ಕೂತಿರಲಿಲ್ಲ. ಶೆಡ್ಡಿನಲ್ಲಿ ಇಳಿಸಿ, ಕಟ್ಟಡ ಆದ ಮೇಲೆ ದುಡ್ಡಿಗೆ ಬೇಕಾದ ಮಾಲು ಸ್ವೀಕಾರ ಪತ್ರ ಸಿಆರ್‌ಎಸಿ ಕೊಡುತ್ತೇವೆ ಅಂದರು. ಮಾಲು ಬಂದ ಹತ್ತು ದಿನದಲ್ಲಿ ಸಿಆರ್‌ಎಸಿ ಆಗಬೇಕು ಎಂಬುದು ನಿಯಮ. ನಿಯಮ ಹೇಳುತ್ತಾ ಕೂತರೆ ಆಗುತ್ತದೆಯೇ? ಅಷ್ಟರಲ್ಲಿ ಉಪ್ಪು ಗಾಳಿಗೆ ಹಿಂಜ್ ಸುತ್ತ ತುಕ್ಕು. ಹುಡುಗರನ್ನು ಕಳಿಸಿ ಟಚಪ್ ಮಾಡಿಸಿದೆ. ದುಡ್ಡು ಬರುವ ಹೊತ್ತಿಗೆ ಎಂಟು ತಿಂಗಳ ಹತ್ತಿರ. ಈ ನಡುವೆ ಬಿಲ್ ಹಾಕಿದ ತಪ್ಪಿಗೆ ಜಿಎಸ್‌ಟಿ ಎಪ್ಪತ್ತೆಂಟು ಸಾವಿರ ಕೈಯಿಂದ ಕಟ್ಟಾಗಿತ್ತು. ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿಯೇ ನಲವತ್ತು ಸಾವಿರದ ಹತ್ತಿರ ಹೋಯಿತು. ಲಾಭ ಐವತ್ತು-ಐವತ್ತೈದು ಸಾವಿರ ಇರಬೇಕಿತ್ತು. ಬಡ್ಡಿ, ಟಚಪ್, ಹುಡುಗರ ಭತ್ಯೆ ಕಳೆದು ಏನು ಉಳಿಯಿತು ಅಂತ ನೀವೇ ಕೂಡಿಸಿ.

ಆ ದುಡ್ಡು ಬಂದದ್ದು ಒಂದು ಪತ್ರದಿಂದ. ಎಂಎಸ್‌ಎಂಇ ಕಾಯ್ದೆಯ ಸೆಕ್ಷನ್ 15ರಲ್ಲಿ ಸಣ್ಣ ಉದ್ಯಮಕ್ಕೆ ದುಡ್ಡು ಕೊಡಲು 45 ದಿನದ ಗಡುವು ಇದೆ. 16ರಲ್ಲಿ ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಇದೆ. ಬಾಕಿ ದೂರಿನ ಸಮಾಧಾನ್ ಪೋರ್ಟಲಿನಲ್ಲಿ ಕೇಸು ಹಾಕಿದವರು ಇದ್ದಾರೆ. ನಾನು ಹಾಕಲಿಲ್ಲ. ಬಡ್ಡಿ ಎಷ್ಟಾಗುತ್ತದೆ ಎಂಬ ಲೆಕ್ಕದ ಹಾಳೆ ಮಾತ್ರ ಮಾಡಿ ಪತ್ರದ ಜೊತೆ ಇಟ್ಟೆ. ಪತ್ರ ಕಚೇರಿಯ ಮುಖ್ಯಸ್ಥರಿಗೆ ಹೋಗಲಿಲ್ಲ, ಬೇರೆ ಒಂದು ಕುರ್ಚಿಗೆ ಹೋಯಿತು. ಯಾವ ಕುರ್ಚಿ ಎಂಬುದು ನನ್ನ ಹತ್ತಿರವೇ ಇರಲಿ. ಇವತ್ತಿಗೂ ಅದು ಕೆಲಸಕ್ಕೆ ಬರುತ್ತಿದೆ.

ಈಗ ಬಿಡ್ ತೆರೆದಾಗ ಸ್ಪೆಸಿಫಿಕೇಷನ್ ಆಮೇಲೆ ನೋಡುತ್ತೇನೆ. ಮೊದಲು ಕನ್ಸೈನಿ, ಅಂದರೆ ಮಾಲು ಇಳಿಸಿಕೊಳ್ಳುವವರ, ವಿಳಾಸ. ಬೆಳಿಗ್ಗೆ ಗಾಡಿ ಬಿಟ್ಟರೆ ಸಂಜೆ ವಾಪಸ್ ಬರಬೇಕು, ಅಷ್ಟು ದೂರ ಮಾತ್ರ. ಕ್ಯಾಟಲಾಗಿನಲ್ಲೂ ದೂರದ ಜಿಲ್ಲೆಗಳನ್ನು ತೆಗೆದುಬಿಟ್ಟೆ. ಎರಡನೆಯದು, ಕನ್ಸೈನಿ ಎಷ್ಟು ಮಂದಿ. ನಲವತ್ತು ಬೀರು ಒಂದೇ ಕಡೆ ಇಳಿಸೋದು ಬೇರೆ, ಹತ್ತು ತಾಲ್ಲೂಕಿಗೆ ನಾಲ್ಕು ನಾಲ್ಕು ಇಳಿಸೋದು ಬೇರೆ. ಹತ್ತು ಸಿಆರ್‌ಎಸಿಗೆ ಹತ್ತು ಜನರ ಹಿಂದೆ ಓಡಬೇಕು. ಮೂರನೆಯದು ತಿಂಗಳು. ಫೆಬ್ರವರಿ ಕೊನೆಗೆ ಬರುವ ಆರ್ಡರ್ ಆಸೆ ಹುಟ್ಟಿಸುತ್ತದೆ. ಮಾರ್ಚ್ ಎರಡನೇ ವಾರ ದಾಟಿ ಸಿಆರ್‌ಎಸಿ ಆದರೆ ಬಿಲ್ಲು ಹೊಸ ಹಣಕಾಸು ವರ್ಷದ ಗ್ರಾಂಟಿಗೆ ಕಾಯುತ್ತದೆ. ಹಾಗಾಗಿ ಜನವರಿಯಲ್ಲೇ ಎಪ್ಪತ್ತು-ಎಂಬತ್ತು ಬೀರಿನ ಬಾಡಿ ಮಾಡಿ ಇಟ್ಟಿರುತ್ತೇನೆ, ಬಣ್ಣ ಮಾತ್ರ ಬಾಕಿ. ಬಣ್ಣ ಅವರು ಕೇಳಿದ್ದು. ಆರ್ಡರ್ ಬಿದ್ದ ನಾಲ್ಕೈದು ದಿನಕ್ಕೆ ಗಾಡಿ ಹೊರಡುತ್ತದೆ. ಈ ಏರಿಯಾದಲ್ಲಿ ಹೀಗೆ ಮಾಡುವವರು ಬೇರೆ ಯಾರೂ ಇಲ್ಲ.

ಬಿಡ್ ಬೆಲೆ ಹೇಗೆ ಕಟ್ಟುತ್ತೇನೆ ಎಂಬುದನ್ನು ಕೇಳಬೇಡಿ. ಒಂದು ಮಾತ್ರ ಹೇಳುತ್ತೇನೆ. ಶೀಟಿನ ದರ ಐವತ್ತೈದರ ಆಸುಪಾಸಿನಿಂದ ಎಂಬತ್ತು ದಾಟಿದ ಆ ದಿನಗಳಲ್ಲಿ ಹಾಕಿದ ಬೆಲೆಗೆ ಹೆಚ್ಚು ದಿನ ಬದ್ಧರಾಗಿರಿ ಅಂತ ಬಿಡ್ ವ್ಯಾಲಿಡಿಟಿ ಜಾಸ್ತಿ ಕೇಳಿದ ಕಡೆ ನಾನು ಹೋಗಲೇ ಇಲ್ಲ. ಹೋದವರಲ್ಲಿ ಒಬ್ಬಿಬ್ಬರ ಶೆಡ್ಡು ಈಗ ಬೇರೆಯವರ ಹೆಸರಲ್ಲಿದೆ.

ಬೇರೆ ಪ್ರಯೋಗಗಳೂ ಆದವು. ಬಿಚ್ಚಿ ಜೋಡಿಸುವ ಬೀರು ಮಾಡಿದೆ. ಟಾಟಾ ಏಸ್ ಗಾಡಿಯಲ್ಲಿ ವೆಲ್ಡಿಂಗ್ ಬೀರು ಎಂಟು ಹಿಡಿದರೆ ಹೆಚ್ಚು. ಬಿಚ್ಚಿದ್ದು ಹದಿನೈದು ಹೋಗುತ್ತದೆ, ಅಲ್ಲಿ ಅಡ್ಡ ಬರುವುದು ತೂಕ, ಜಾಗವಲ್ಲ. ಸಾಗಾಟದಲ್ಲಿ ಉಳಿದದ್ದೆಲ್ಲ ಇಬ್ಬರು ಫಿಟ್ಟರ್‌ಗಳ ದಿನಗೂಲಿಗೆ ಹೋಯಿತು. ನೆಲ ಸಮ ಇಲ್ಲದಿದ್ದರೆ ಬಾಗಿಲು ಕೂರಲ್ಲ, ಬೀಗ ಬೀಳಲ್ಲ, ಫೋನು ಮಾತ್ರ ಬರುತ್ತದೆ. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಮಾತ್ರ ಈಗ ಅದನ್ನು ಕಳಿಸುತ್ತೇನೆ. ರಾಜ್ಯ ಸರ್ಕಾರದ ಖರೀದಿಗಿರುವ ಕೆಪಿಪಿಪಿ ಪೋರ್ಟಲಿನಲ್ಲಿ ಶಾಲಾ ಡೆಸ್ಕಿನ ಟೆಂಡರ್ ಹಾಕಿದೆ. ನನ್ನ ಅನುಭವ ಪತ್ರದಲ್ಲಿ ಬೆಂಚ್-ಡೆಸ್ಕ್ ಎಂದಿತ್ತು, ಅವರಿಗೆ ಡ್ಯುಯಲ್ ಡೆಸ್ಕ್ ಬೇಕಿತ್ತಂತೆ. ಬೆಲೆ ನೋಡುವ ಮುಂಚೆಯೇ, ಟೆಕ್ನಿಕಲ್ ಕವರಿನಲ್ಲೇ ಹೊರಗೆ. ಅಲ್ಲಿ ಕಟ್ಟಿದ್ದ ಅರವತ್ತು ಸಾವಿರ ಇಎಂಡಿ ಅರ್ಧ ವರ್ಷ ಸಿಕ್ಕಿಹಾಕಿಕೊಂಡಿತು. ಅಲ್ಲಿಗೆ ಮತ್ತೆ ಹೋಗುತ್ತೇನೆ, ಈಗ ಡ್ಯುಯಲ್ ಡೆಸ್ಕ್ ಮಾಡಿ ಕೊಟ್ಟ ಪತ್ರ ಕೈಲಿದೆ.

ಇನ್ನೊಂದು ವಿಷಯ, ಎರಡೂವರೆ ಲಕ್ಷ ದಾಟಿದ ಆರ್ಡರಿಗೆ ಬಿಲ್ಲಿನಿಂದಲೇ 2 ಪರ್ಸೆಂಟ್ ಜಿಎಸ್‌ಟಿ ಟಿಡಿಎಸ್ ಹಿಡಿಯುತ್ತಾರೆ. ಅದು ಜಿಎಸ್‌ಟಿ ಪೋರ್ಟಲಿನಲ್ಲಿ ನೀವು ಒಪ್ಪಿದರೆ ಮಾತ್ರ ಅಲ್ಲಿನ ನಿಮ್ಮ ಖಾತೆಗೆ, ಅಂದರೆ ಕ್ಯಾಷ್ ಲೆಡ್ಜರಿಗೆ, ಬರುತ್ತದೆ. ನನ್ನ ಪರಿಚಯದ ಒಬ್ಬರದ್ದು ಮೂವತ್ತು ಸಾವಿರ ಅಲ್ಲೇ ಮಲಗಿತ್ತು.

ಈಗ ಕೈ ಹಾಕಿರುವುದು ಹಾಸ್ಟೆಲ್ ಲಾಕರಿಗೆ. ಹಾಸ್ಟೆಲ್‌ನವರು ಮಕ್ಕಳು ಬರುವ ಮುಂಚೆ, ಬೇಸಿಗೆಯಲ್ಲಿ ಕೊಳ್ಳುತ್ತಾರೆ. ಏಪ್ರಿಲ್-ಮೇ ನಮಗೆ ಖಾಲಿ ತಿಂಗಳು, ಹುಡುಗರಿಗೆ ಕೂಲಿ ಕೊಡಲೇಬೇಕು. ಮೊದಲ ಲಾಟು ಹನ್ನೆರಡು ಲಾಕರ್ ಹೋಗಿದೆ. ವೇಬ್ರಿಡ್ಜ್ ಚೀಟಿ ಅದಕ್ಕೂ ಪಿನ್ ಮಾಡಿದ್ದೇನೆ, ಸಿಆರ್‌ಎಸಿ ಇನ್ನೂ ಆಗಬೇಕು.