ಧ್ಯೇಯವಾಕ್ಯ ಬರೆಯುವ ಮುನ್ನ ಹಳೆಯ ಠರಾವು ಪುಸ್ತಕ ತೆರೆಯಿರಿ

ಸ್ವಸಹಾಯ ಸಂಘ, ಸಹಕಾರ ಸಂಘಗಳ ಹೊಣೆ ಹೊತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ನಾಯಕತ್ವದ ಧ್ಯೇಯವನ್ನು ಬರೆಯುವಾಗ ಪ್ರಾಮಾಣಿಕತೆ, ಸೇವೆ, ಶಿಸ್ತು ಎಂದು ಪಟ್ಟಿ ಮಾಡಬೇಡಿ. ಹಣವೋ ಸ್ನೇಹವೋ ಕೈಬಿಟ್ಟು ಹೋದರೂ ನೀವು ಬದಲಿಸದ ಮೂರು ನಿರ್ಧಾರಗಳನ್ನು ಬರೆದು, ಅಲ್ಲಿ ಏನನ್ನು ಕಾಪಾಡಿದಿರಿ ಎಂದು ಪಕ್ಕದಲ್ಲಿ ಗುರುತಿಸಿ. ನೆನಪಾಗದಿದ್ದರೆ ಸಭೆಯ ನಿರ್ಣಯಗಳನ್ನು ಬರೆದಿಟ್ಟ ಠರಾವು ಪುಸ್ತಕ ನೋಡಿ. ಎರಡು ಕಡೆ ಮರುಕಳಿಸಿದ್ದೇ ನಿಮ್ಮ ಮೂಲ ಮೌಲ್ಯ. ಅದನ್ನು ಒಂದೇ ವಾಕ್ಯವಾಗಿಸಿ: "ಸಾಲ ಯಾರಿಗೆ, ಏಕೆ ಸಿಕ್ಕಿತು ಎಂಬುದು ಪ್ರತಿಯೊಬ್ಬ ಸದಸ್ಯರಿಗೂ ಗೊತ್ತಿರುವಂತೆ ಸಂಘ ನಡೆಸುತ್ತೇನೆ, ಸಭೆ ಎಷ್ಟೇ ತಡವಾದರೂ ಸರಿ." ಕೊನೆಯ ಆ "ಆದರೂ ಸರಿ" ಬಹಳ ಮುಖ್ಯ, ದಯವಿಟ್ಟು ಬಿಡಬೇಡಿ. ಒಳ್ಳೆಯ ಗುಣಗಳ ಪಟ್ಟಿಯನ್ನು ಯಾರೂ ಅಲ್ಲಗಳೆಯುವುದಿಲ್ಲ, ಆದ್ದರಿಂದಲೇ ಇಕ್ಕಟ್ಟಿನಲ್ಲಿ ಅದು ದಾರಿ ತೋರಿಸುವುದಿಲ್ಲ. ಯಾವುದಕ್ಕಾಗಿ ಏನನ್ನು ಬಿಡಲು ಸಿದ್ಧ ಎಂಬುದು ಬರೆದಿದ್ದರೆ ತೋರಿಸುತ್ತದೆ. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಗದಗ ಜಿಲ್ಲೆಯವರು ನಾವು. ನಮ್ಮ ಸಂಘಗಳ ಗೋಡೆಯ ಮೇಲೆ ಎರವಲು ಘೋಷಣೆ ಇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊಸದಾಗಿ ಆಯ್ಕೆಯಾದವರಿಗೆ ಸಂಘದ ನಿರ್ಧಾರಗಳು ಸಿಗುವುದಿಲ್ಲ, ಅವರು ಹೊಲ, ಅಂಗಡಿ, ಮನೆಯ ವಿಷಯದಲ್ಲಿ ತಾವು ಹಿಂದೆ ಮಾಡಿದ ನಿರ್ಧಾರಗಳನ್ನೇ ಬರೆಯಲಿ. ಬ್ಯಾಂಕಿನ ನಿಯಮಕ್ಕೆ ಕಟ್ಟುಬಿದ್ದು ಮಾಡಿದ್ದು ಲೆಕ್ಕಕ್ಕಿಲ್ಲ. ಹಠವೇ ಮೌಲ್ಯದ ವೇಷದಲ್ಲಿ ಬಂದರಂತೂ ಈ ಉಪಾಯ ಪೂರ್ತಿ ದಾರಿ ತಪ್ಪಿಸುತ್ತದೆ; ಆ ನಿರ್ಧಾರದಿಂದ ನಷ್ಟ ಅನುಭವಿಸಿದ ಸದಸ್ಯರೊಬ್ಬರಿಗೆ ನಿಮ್ಮ ವಾಕ್ಯವನ್ನು ಓದಿ ಹೇಳಿ, ಅವರು ಒಪ್ಪುತ್ತಾರೆಯೇ ಕೇಳಿ.