ಮುಷ್ಟಿ ಬಿಚ್ಚಿದ ಮೇಲೆ

2014ರಲ್ಲಿ ನನ್ನ ಬಲಗೈ ಮುರಿಯಿತು. ಜಗಳದಲ್ಲಲ್ಲ, ಅಭ್ಯಾಸದಲ್ಲಿ. ಹಾಸನದಲ್ಲಿ ಹೈಸ್ಕೂಲಿನಲ್ಲಿದ್ದಾಗ ಶುರು ಮಾಡಿದ ಕರಾಟೆಯನ್ನು ಗ್ಲಾಸ್ಗೋಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಅವತ್ತು ಜೊತೆಗಾರನ ಗದ್ದಕ್ಕೆ ಗುರಿಯಿಟ್ಟು ಗುದ್ದಿದೆ. ಅವನು ತಲೆ ತಗ್ಗಿಸಿದ. ಗುದ್ದು ಹೋಗಿ ಹಣೆಗೆ ಬಿತ್ತು. ಅವನಿಗೆ ಒಂದು ಸಣ್ಣ ಬೋರೆ ಎದ್ದಿತು, ಅಷ್ಟೇ. ನನಗೆ ಕಿರುಬೆರಳಿನ ಗೆಣ್ಣಿನ ಹಿಂದಿನ ಮೂಳೆ ಹೋಯಿತು. ಎಕ್ಸ್‌ರೇ ನೋಡಿದ ಡಾಕ್ಟರು ಗೋಡೆಗೆ ಗುದ್ದಿದವರಿಗೂ, ತಲೆಗೆ ಗುದ್ದಿದವರಿಗೂ ಇದೇ ಜಾಗದಲ್ಲಿ ಮುರಿಯುತ್ತೆ ಅಂದರು.

ಆ ಮಾತು ತಲೆಯಲ್ಲೇ ಉಳಿಯಿತು. ಇಪ್ಪತ್ತು ವರ್ಷ ಕಲಿತ ಗುದ್ದು ಒಂದೇ ಏಟಿಗೆ ನನ್ನ ಕೈಯನ್ನೇ ಮುರಿಯಿತು ಅಂದರೆ, ಬರಿಗೈಯಲ್ಲಿ ಜೀವ ಉಳಿಸಿಕೊಳ್ಳಬೇಕಾದವರು ಏನು ಮಾಡುತ್ತಿದ್ದರು? ಕೈಗೆ ಪ್ಲಾಸ್ಟರ್ ಇದ್ದ ಆ ವಾರಗಳಲ್ಲಿ ಎರಡನೇ ಮಹಾಯುದ್ಧದ ಕಾಲದ ಸೈನಿಕ ಕೈಪಿಡಿಗಳನ್ನು ಹುಡುಕಿ ಓದಲು ಕೂತೆ. ಅಲ್ಲಿ ಮತ್ತೆ ಮತ್ತೆ ಸಿಕ್ಕ ಹೆಸರು ವಿಲಿಯಂ ಫೇರ್‌ಬೇರ್ನ್.

ಫೇರ್‌ಬೇರ್ನ್ ಹುಟ್ಟಿದ್ದು 1885ರಲ್ಲಿ, ಇಂಗ್ಲೆಂಡಿನಲ್ಲಿ. 1907ರಲ್ಲಿ ಶಾಂಘೈ ನಗರದ ಪೊಲೀಸ್ ಸೇರಿದರು. ಆಗ ಅಲ್ಲಿನ ವಿದೇಶಿ ವಸಾಹತನ್ನು ಕಾಯುತ್ತಿದ್ದ ಪಡೆ ಅದು. ಅದರಲ್ಲಿ ಬ್ರಿಟಿಷರು, ಚೀನೀಯರು ಮಾತ್ರವಲ್ಲ, ನಮ್ಮ ಪಂಜಾಬಿನಿಂದ ಹೋದ ಸಿಖ್ಖರೂ ಇದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಗುಂಪೊಂದು ಅವರನ್ನು ಸಾಯುವ ಹಾಗೆ ಹೊಡೆದು ಹಾಕಿತು. ವಾಸಿಯಾದ ಮೇಲೆ ಜಪಾನಿ ಗುರುವೊಬ್ಬರ ಹತ್ತಿರ ಜುಜುತ್ಸು ಕಲಿತರು, ಜೂಡೋದಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದರು, ಚೀನೀ ಕಾಳಗವನ್ನೂ ಅಭ್ಯಾಸ ಮಾಡಿದರು. 1940ರಲ್ಲಿ ಬ್ರಿಟನ್‌ಗೆ ವಾಪಸ್ಸು ಬಂದಾಗ ಅವರಿಗೆ 55 ವರ್ಷ. ಶತ್ರುನೆಲಕ್ಕೆ ಇಳಿಯಬೇಕಿದ್ದ ಸೈನಿಕ ಹುಡುಗರಿಗೆ ಕೈಕಾಳಗ ಕಲಿಸಲು ಸೈನ್ಯ ಅವರನ್ನು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಲಾಕೈಲರ್ಟ್‌ಗೆ ಕಳಿಸಿತು. ಜೊತೆಗೆ ಶಾಂಘೈನ ಗೆಳೆಯ ಎರಿಕ್ ಸೈಕ್ಸ್. ಕನ್ನಡಕ, ನೆರೆಗೂದಲು, ನೋಡಿದರೆ ಚರ್ಚಿನ ಪಾದ್ರಿಗಳು ಅನ್ನಬೇಕು. ಮೊದಲ ದಿನ ಈ ಇಬ್ಬರು ಮುದುಕರು ದೊಡ್ಡ ಮೆಟ್ಟಿಲ ಮೇಲಿಂದ ಉರುಳಿಕೊಂಡು ಬಿದ್ದು, ಕೆಳಗೆ ತಲುಪಿದ್ದೇ ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ಚಾಕು ಹಿಡಿದು ನಿಂತಿದ್ದರಂತೆ. ನೋಡಿದ ಶಿಷ್ಯರು ಜೀವಮಾನವಿಡೀ ಅದನ್ನು ಮರೆಯಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಸಾಹಸ ಅಲ್ಲ. ಅವರು ಬಿಟ್ಟುಬಿಟ್ಟ ಸಂಗತಿಗಳು. ಅಷ್ಟೆಲ್ಲ ಕಲಿತವರು ಆ ಹುಡುಗರ ಮುಂದೆ ಇಟ್ಟಿದ್ದು ಬೆರಳೆಣಿಕೆಯ ಏಟುಗಳನ್ನು. ಮುಖ್ಯವಾಗಿ ಕೈ ಅಂಚಿನ ಏಟು, ಅಂಗೈಯ ಬುಡದಿಂದ ಗದ್ದಕ್ಕೆ ಏಟು, ಮಂಡಿ, ಬೂಟಿನ ಅಂಚು. ಇದಕ್ಕೆ ಕಾರಣ ಇತ್ತು. ಕಲಿಸಲು ಇದ್ದದ್ದು ಕೆಲವೇ ವಾರ. ಕಲಿಯಲು ಬಂದವರೆಲ್ಲ ಪೈಲ್ವಾನರಲ್ಲ. ಶತ್ರುನೆಲದಲ್ಲಿ ಇಳಿಯುವ ಹೊತ್ತಿಗೆ ಅವರು ಸುಸ್ತಾಗಿರುತ್ತಾರೆ, ಚಳಿಗೆ ಬೆರಳು ಮರಗಟ್ಟಿರುತ್ತೆ, ಭಯಕ್ಕೆ ಕೈ ನಡುಗುತ್ತಿರುತ್ತೆ. ಅಂಥ ಹೊತ್ತಲ್ಲಿ ನಾಜೂಕಿನ ಪಟ್ಟು ಕೈಗೆ ಬರಲ್ಲ. ಇಡೀ ತೋಳು ಒಟ್ಟಿಗೆ ಹೋಗುವ ದೊಡ್ಡ, ಒರಟು ಚಲನೆ ಮಾತ್ರ ಬರುತ್ತೆ. ಕೈ ಮುರಿದುಕೊಂಡರೆ ಆಮೇಲೆ ಬಂದೂಕು ಹಿಡಿಯೋರು ಯಾರು?

ಪ್ಲಾಸ್ಟರ್ ತೆಗೆದು ಎರಡು ತಿಂಗಳಾದ ಮೇಲೆ ಈ ಏಟುಗಳನ್ನು ಕಲಿಯಲು ಶುರು ಮಾಡಿದೆ. ಕಷ್ಟ ಆಗಿದ್ದು ಹೊಸ ಏಟು ಕಲಿಯೋದಲ್ಲ, ಹಳೇ ಮುಷ್ಟಿಯನ್ನು ಬಿಡೋದು. ಗುದ್ದುವ ಚೀಲದ ಮುಂದೆ ನಿಂತರೆ ಸಾಕು, ಕೈ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹಾಗಾಗಿ ಮೊದಲ ಮೂರು ವಾರ ಹೊಡೆಯಲೇ ಇಲ್ಲ. ಗೋಡೆಯ ಮುಂದೆ ನಿಂತು, ಅಂಗೈಯ ಬುಡ ಗೋಡೆಗೆ ಕೊಟ್ಟು, ಮೈಭಾರ ಹಾಕುತ್ತಿದ್ದೆ. ಮಣಿಕಟ್ಟು ಹಿಂದಕ್ಕೆ ಬಾಗಿರಬೇಕು, ಬೆರಳು ಸಡಿಲವಾಗಿ ಬಿಡಿಸಿರಬೇಕು, ಮೊಣಕೈ ಪಕ್ಕೆಲುಬಿನ ಹತ್ತಿರ ಬಾಗಿರಬೇಕು. ಹಿಂದಿನ ಕಾಲಿನ ಹಿಮ್ಮಡಿಯಿಂದ ಅಂಗೈವರೆಗೆ ಒಂದೇ ಗೆರೆ ಆದಾಗ ಗೋಡೆ ನನ್ನನ್ನು ಹಿಂದಕ್ಕೆ ತಳ್ಳುತ್ತೆ. ಆಗ ಭಾರ ಸರಿಯಾಗಿ ಹೋಗುತ್ತಿದೆ ಅಂತ ಗೊತ್ತಾಗುತ್ತೆ. ಮೊಣಕೈ ಹೊರಗೆ ಹೋದರೆ ಭಾರವೆಲ್ಲ ಭುಜದಲ್ಲೇ ಸಿಕ್ಕಿಕೊಳ್ಳುತ್ತೆ.

ಇದು ನಿಜಕ್ಕೂ ಅರ್ಥ ಆಗಿದ್ದು ಅಡುಗೆಮನೆಯಲ್ಲಿ. ಒಂದು ಭಾನುವಾರ ನನ್ನ ಹೆಂಡತಿ ಚಪಾತಿ ಹಿಟ್ಟು ನಾದುತ್ತಿದ್ದಳು. ನಾನು ನಾದಿಕೊಡ್ತೀನಿ ಅಂತ ಹೋದೆ. ಎರಡು ನಿಮಿಷ ನೋಡಿದವಳು, "ರೀ, ಕೈಯಲ್ಲಿ ತಳ್ಳಬೇಡಿ, ನೋವು ಬರುತ್ತೆ. ಮೈ ಬಿಟ್ಟು ನಾದಿ" ಅಂದಳು. ಅವಳ ಕೈ ನೋಡಿದೆ. ಹಿಟ್ಟಿಗೆ ತಾಗುತ್ತಿದ್ದದ್ದು ಅಂಗೈಯ ಬುಡ ಮಾತ್ರ. ಬೆರಳುಗಳು ಮೇಲೆದ್ದು ಸುಮ್ನೆ ಇದ್ದವು. ಸೊಂಟದಿಂದ ಮೈ ಮುಂದೆ ಹೋದಾಗ ಕೈಯೂ ಹೋಗುತ್ತಿತ್ತು. ನಾನು ಗೋಡೆಯ ಮುಂದೆ ಹುಡುಕುತ್ತಿದ್ದದ್ದು ಇದನ್ನೇ. ಅವತ್ತಿನಿಂದ ಚಪಾತಿ ಹಿಟ್ಟು ನಾದುವ ಕೆಲಸ ನನ್ನದು.

ಆಮೇಲೆ ಪ್ಯಾಡ್, ಅಂದರೆ ಏಟು ಬೀಳಲು ಜೊತೆಗಾರ ಹಿಡಿಯುವ ದಪ್ಪ ಮೆತ್ತೆ. ಗದ್ದದ ಏಟು ಕೆಳಗಿಂದ ಮೇಲಕ್ಕೆ ಹೋಗೋದು. ಆದ್ದರಿಂದ ಜೊತೆಗಾರ ಪ್ಯಾಡನ್ನು ಎದೆಯಿಂದ ಸ್ವಲ್ಪ ಮೇಲೆ, ಮುಖ ಕೆಳಗೆ ಮಾಡಿ ಹಿಡಿಯಬೇಕು. ದೂರದಿಂದ ಕೈ ಚಾಚಿ ಹೊಡೆದರೆ ಬಲವೇ ಇರಲ್ಲ. ಅರ್ಧ ತೋಳಿನಷ್ಟು ಹತ್ತಿರ ನಿಲ್ಲಬೇಕು, ಹೆಚ್ಚುಕಡಿಮೆ ಎದುರಿನವನ ಉಸಿರು ತಾಗುವಷ್ಟು. ಕರಾಟೆಯ ದೂರಕ್ಕೆ ಹೊಂದಿಕೊಂಡಿದ್ದ ನನಗೆ ಅಷ್ಟು ಹತ್ತಿರ ನಿಲ್ಲೋದೇ ದೊಡ್ಡ ಕೆಲಸ ಆಯಿತು. ಕೈಯನ್ನು ಹಿಂದಕ್ಕೆ ಎಳೆದು ಹೊಡೆಯುವ ಹಾಗೂ ಇಲ್ಲ. ಎಲ್ಲಿದೆಯೋ ಅಲ್ಲಿಂದಲೇ, ಮೈಯ ಪಕ್ಕದಿಂದಲೇ, ಹೋಗಬೇಕು.

ಪ್ಯಾಡ್ ಹಿಡಿಯುತ್ತಿದ್ದವಳು ನನ್ನ ಮಗಳು. ಆಗ ಅವಳಿಗೆ ಹದಿನಾಲ್ಕು. ಹೊಡೆಯುವ ಮುಂಚೆಯೇ ಪ್ಯಾಡ್ ಪಕ್ಕಕ್ಕೆ ಸರಿಸಿಬಿಡುತ್ತಿದ್ದಳು. ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ.

"ಅಪ್ಪಾ, ಮೊದಲು ನಿನ್ನ ಬಲಭುಜ ಮೇಲೆ ಹೋಗುತ್ತೆ. ಆಮೇಲೆ ಬಾಯಿ ಬಿಗಿ ಮಾಡ್ತೀಯ. ಆಮೇಲೆ ಕೈ ಬರುತ್ತೆ."

ಇಷ್ಟು ವರ್ಷ ಯಾವ ಮಾಸ್ಟರೂ ಹೇಳದ ಮಾತು ಅದು. ಭುಜ ಎತ್ತದೆ ಹೊಡೆಯಲು ಕಲಿಯುವುದಕ್ಕೆ ಆರು ತಿಂಗಳು ಹಿಡಿಯಿತು. ಒಂದು ಉಪಾಯ ಕೆಲಸ ಮಾಡಿತು. ಮಾತಾಡುತ್ತಾ ಹೊಡೆಯೋದು. ಮಗಳಿಗೆ ಅವತ್ತಿನ ಆಫೀಸಿನ ಸುದ್ದಿ ಹೇಳುತ್ತಾ, ವಾಕ್ಯದ ಮಧ್ಯದಲ್ಲೇ ಕೈ ಬಿಡುತ್ತಿದ್ದೆ. ಮಾತಾಡುವಾಗ ಬಾಯಿ ಬಿಗಿಯಾಗಲ್ಲ, ಉಸಿರು ಕಟ್ಟಲ್ಲ, ಭುಜವೂ ಇಳಿದೇ ಇರುತ್ತೆ. ಅವಳು ಪ್ಯಾಡ್ ಸರಿಸಲು ಸೋತ ಮೊದಲ ದಿನ ಇಬ್ಬರೂ ಕೂಗಿಕೊಂಡೆವು.

ಕೈ ಅಂಚಿನ ಏಟಿನ ಬಗ್ಗೆ ಜನರಿಗೆ ಜಾಸ್ತಿ ಅನುಮಾನ. ಹಳೇ ಸಿನಿಮಾಗಳಲ್ಲಿ ಕತ್ತಿನ ಮೇಲೆ ಒಂದು ಕೊಟ್ಟರೆ ಆಳು ಮಲಗಿಬಿಡೋದನ್ನು ನೋಡಿ ನೋಡಿ ಅದನ್ನು ನಾಟಕ ಅಂದುಕೊಂಡಿದ್ದಾರೆ. ಹಾಗೆ ಆಗಲ್ಲ, ನಿಜ. ಆದರೆ ಏಟು ಸುಳ್ಳಲ್ಲ. ಬೆರಳು ಕೂಡಿಸಿ ನೇರ ಹಿಡಿದು, ಹೆಬ್ಬೆರಳನ್ನು ಪೂರ್ತಿ ಹೊರಗೆ ಚಾಚಿ ನೋಡಿ. ಕಿರುಬೆರಳ ಪಕ್ಕದ ಅಂಚು ತಾನಾಗಿ ಗಟ್ಟಿಯಾಗುತ್ತೆ. ಹೆಬ್ಬೆರಳು ಮಡಚಿದರೆ ಅಂಚೂ ಮೆತ್ತಗಾಗುತ್ತೆ. ಮೊಣಕೈ ಬಾಗಿಸಿ, ಅಂಗೈ ಕೆಳಗೆ ಮಾಡಿ, ಮೈಗೆ ಅಡ್ಡಲಾಗಿ ಒಳಗಿಂದ ಹೊರಗೆ ಬೀಸುವುದು. ತೋಳು ನೇರವಾದರೆ ಬಲ ಹೋಯಿತು. ಕಿರಿದಾದ ಜಾಗದಲ್ಲಿ ಪೂರ್ತಿ ಬಲ ಬೀಳುವುದರಿಂದ ಅದು ಗುದ್ದಿಗಿಂತ ಆಳಕ್ಕೆ ಇಳಿಯುತ್ತೆ.

ಇಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಯಾರು ಓದುತ್ತಿದ್ದರೂ ಇದನ್ನು ಮಾತ್ರ ಮಾಡಬೇಡಿ. ಅಂಚು ಗಟ್ಟಿಯಾಗಲಿ ಅಂತ ಊಟದ ಮೇಜಿನ ತುದಿಗೆ ದಿನಾ ಇನ್ನೂರು ಸಲ ಬಡಿಯುತ್ತಿದ್ದೆ. ಐದನೇ ವಾರ ಕಿರುಬೆರಳು ಮತ್ತು ಉಂಗುರದ ಬೆರಳು ಜುಮ್ಮೆನ್ನಲು ಶುರುವಾಯಿತು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ತಡಕಾಡುತ್ತಿದ್ದೆ. ಮಣಿಕಟ್ಟಿಗೆ ತಾಗಿದಂತೆ, ಅಂಗೈಯ ಆ ಪಕ್ಕದಲ್ಲಿ ಬಟಾಣಿಯಂಥ ಒಂದು ಪುಟ್ಟ ಮೂಳೆ ಇದೆ. ಮುಟ್ಟಿದರೆ ಸಿಗುತ್ತೆ. ಅದರ ಪಕ್ಕದಲ್ಲೇ ಆ ಎರಡು ಬೆರಳುಗಳಿಗೆ ಹೋಗುವ ನರ ಮತ್ತು ರಕ್ತನಾಳ ಹಾದುಹೋಗುತ್ತವೆ. ಬಡಿದು ಬಡಿದು ಅವನ್ನೇ ಜಜ್ಜುತ್ತಿದ್ದೆ. ಮೂರು ತಿಂಗಳು ಪೂರ್ತಿ ನಿಲ್ಲಿಸಿದ ಮೇಲೆ ಜುಮು ಹೋಯಿತು. ಈಗ ಗಟ್ಟಿ ವಸ್ತುವಿಗೆ ಹೊಡೆಯೋದೇ ಇಲ್ಲ. ಆ ಮೂಳೆಗೂ ಕಿರುಬೆರಳಿನ ಬುಡಕ್ಕೂ ನಡುವೆ ಮಾಂಸ ದಪ್ಪಗಿರುವ ಜಾಗದಿಂದಲೇ, ಹಳೇ ಬಟ್ಟೆ ತುಂಬಿದ ಚೀಲಕ್ಕೆ ಮಾತ್ರ ಹೊಡೆಯುತ್ತೇನೆ. ಅಂಚಿನ ಬಲ ಚರ್ಮ ಗಟ್ಟಿಯಾಗುವುದರಲ್ಲಿ ಇಲ್ಲ, ಕೋನದಲ್ಲಿದೆ.

ಇನ್ನೊಂದು ನಿಯಮ ನನ್ನ ಮನೆಯಲ್ಲಿ ಮುರಿಯುವ ಹಾಗಿಲ್ಲ. ಈ ಎರಡು ಏಟುಗಳನ್ನು ಮನುಷ್ಯರ ಗದ್ದ, ಕತ್ತು, ಗಂಟಲಿನ ಮೇಲೆ ನಿಧಾನವಾಗಿ ಕೂಡ ಅಭ್ಯಾಸ ಮಾಡುವುದಿಲ್ಲ. ಗದ್ದ ಹಿಂದಕ್ಕೆ ಜಗ್ಗಿದರೆ ಕತ್ತಿಗೆ ಏನಾಗುತ್ತೆ ಅಂತ ಯೋಚಿಸಿ. ಯುದ್ಧಕಾಲದ ತರಬೇತಿಯಲ್ಲೂ ಪೂರ್ತಿ ಬಲದ ಏಟಿಗೆ ಒಣಹುಲ್ಲು ತುಂಬಿದ ಬೊಂಬೆಗಳನ್ನು ಇಡುತ್ತಿದ್ದರು. ಇದು ಆಟಕ್ಕೆ ಹುಟ್ಟಿದ್ದಲ್ಲ. ಅಂಕಣ, ರೆಫರಿ, ಸೋಲು ಗೆಲುವು ಯಾವುದೂ ಇದರಲ್ಲಿಲ್ಲ. ಕಲಿತವನು ಅದನ್ನು ಗೌರವಿಸಬೇಕು.

ಈಗ ನನ್ನ ಅಭ್ಯಾಸ ದಿನಕ್ಕೆ ಹದಿನೈದು ನಿಮಿಷ. ಅಂಗೈ ಏಟು ಎರಡೂ ಕೈಗೆ ಇಪ್ಪತ್ತು, ಅಂಚಿನ ಏಟು ಇಪ್ಪತ್ತು. ಸಂಖ್ಯೆ ಹೆಚ್ಚಿಸಿಲ್ಲ, ಸ್ಥಿತಿ ಬದಲಾಯಿಸುತ್ತೇನೆ. ನಮ್ಮ ಕಟ್ಟಡದ ನಾಲ್ಕು ಮಹಡಿ ಮೆಟ್ಟಿಲು ಓಡಿ ಹತ್ತಿ, ಏದುಸಿರಲ್ಲೇ ಹೊಡೆಯುತ್ತೇನೆ. ಜನವರಿಯಲ್ಲಿ ದಪ್ಪ ಜಾಕೆಟ್ ಹಾಕಿಕೊಂಡು ಹಿತ್ತಿಲಲ್ಲಿ ಹೊಡೆಯುತ್ತೇನೆ. ಕುರ್ಚಿಯಲ್ಲಿ ಕೂತು, ಬೆನ್ನು ಗೋಡೆಗೆ ಕೊಟ್ಟು, ಒಂದು ಕೈಯಲ್ಲಿ ತರಕಾರಿ ಚೀಲ ಹಿಡಿದು ಹೊಡೆಯುತ್ತೇನೆ. ಮೊದಲ ಸಲ ಜಾಕೆಟ್ ಹಾಕಿ ಹೊಡೆದಾಗ ತೋಳು ಅರ್ಧಕ್ಕೇ ನಿಂತಿತ್ತು. ಬನಿಯನ್ನಿನಲ್ಲಿ ಚೆನ್ನಾಗಿ ಬರುತ್ತಿದ್ದದ್ದರಲ್ಲಿ ಎಷ್ಟು ಉಳಿಯುತ್ತೆ ಅಂತ ಆಗಲೇ ಗೊತ್ತಾಗಿದ್ದು. ಲಾಕೈಲರ್ಟ್‌ನಲ್ಲಿ ಆ ಹುಡುಗರಿಗೆ ಸಮವಸ್ತ್ರ, ಬೂಟು ಹಾಕಿಸಿಯೇ ಕಲಿಸಿದ್ದರ ಬೆಲೆಯೂ.

ಕಳೆದ ಅಕ್ಟೋಬರ್‌ನಲ್ಲಿ ಮಗಳನ್ನು ಕರೆದುಕೊಂಡು ಲಾಕೈಲರ್ಟ್‌ಗೆ ಹೋಗಿದ್ದೆ. ಗ್ಲಾಸ್ಗೋದಿಂದ ಮಾಲೈಗ್ ಕಡೆಯ ರೈಲಿನಲ್ಲಿ ನಾಲ್ಕು ಗಂಟೆಗೂ ಹೆಚ್ಚು ಪ್ರಯಾಣ, ಗ್ಲೆನ್‌ಫಿನನ್‌ನ ಇಪ್ಪತ್ತೊಂದು ಕಮಾನಿನ ಸೇತುವೆ ದಾಟಿ. 1940ರಲ್ಲಿ ಸೈನ್ಯ ವಶಪಡಿಸಿಕೊಂಡ ಇನ್ವೆರೈಲರ್ಟ್ ಮನೆ ಈಗಲೂ ಇದೆ. ಕಡಲ ತೋಳಿನ ಪಕ್ಕ, ಬೆಟ್ಟದ ಬುಡದಲ್ಲಿ. ರಸ್ತೆಯಲ್ಲಿ ನಿಂತು ನೋಡಿದೆವು. ಒಂದೇ ಸಮನೆ ಮಳೆ, ಬಚ್ಚಲಿನಂತೆ ಜಿನುಗುವ ನೆಲ. ಇಲ್ಲಿ ಒದ್ದೆ ಬಟ್ಟೆಯಲ್ಲಿ ಕಲಿತದ್ದು ಎಲ್ಲಾದರೂ ನಿಲ್ಲುತ್ತೆ ಅನ್ನಿಸಿತು. ಅಲ್ಲಿಂದ ಹೊರಟವರಲ್ಲಿ ಎಷ್ಟು ಜನ ವಾಪಸ್ಸು ಬಂದರೋ ಅಂತ ಮಗಳು ಮೆಲ್ಲಗೆ ಕೇಳಿದಳು. ನಾನು ಏನೂ ಹೇಳಲಿಲ್ಲ.

ವಾಪಸ್ಸು ಹೋಗುವ ರೈಲಿಗೆ ಇನ್ನೂ ನಲವತ್ತು ನಿಮಿಷ ಇತ್ತು. ಪ್ಲಾಟ್‌ಫಾರಂನಲ್ಲಿ ನಾವಿಬ್ಬರೇ. ಚಳಿ ತಡೆಯಲಾಗದೆ ಅವಳು ಬೆನ್ನುಚೀಲವನ್ನು ಎದೆಗೆ ಅವಚಿಕೊಂಡು, "ಬಾ ಅಪ್ಪಾ, ಇಪ್ಪತ್ತು" ಅಂದಳು. ನೆಂದ ಜಾಕೆಟ್, ಮರಗಟ್ಟಿದ ಬೆರಳು. ಬಲಗೈ ಚೆನ್ನಾಗಿ ಹೋಯಿತು. ಎಡಗೈ ಇನ್ನೂ ತಡ ಮಾಡುತ್ತಿದೆ, ಮೊಣಕೈ ಹೊರಗೆ ಜಾರುತ್ತೆ. ಹದಿನೇಳನೆಯದಕ್ಕೆ ತಿರುವಿನಲ್ಲಿ ರೈಲಿನ ದೀಪ ಕಂಡಿತು. ಅಲ್ಲಿ ಕೈ ತೋರಿಸದಿದ್ದರೆ ರೈಲು ನಿಲ್ಲುವುದಿಲ್ಲ. ಅವಳು ಚೀಲ ಕೆಳಗಿಟ್ಟು ಪ್ಲಾಟ್‌ಫಾರಂ ಮುಂದಕ್ಕೆ ಓಡಿ ಕೈ ಚಾಚಿದಳು. ಉಳಿದ ಮೂರನ್ನು ಮನೆಗೆ ಬಂದು ಮುಗಿಸಿದೆ.