ಆಸ್ಪತ್ರೆ ಗೇಟಿನ ಹೊರಗೆ ಪರೀಕ್ಷೆ: ನನ್ನ ಅನುಭವ

ನಾನು ಲ್ಯಾಬ್ ಟೆಕ್ನಿಷಿಯನ್. ಎಚ್‌ಐವಿ, ಹೆಪಟೈಟಿಸ್ ಸಿ (ಲಿವರ್‌ಗೆ ತಗಲುವ ವೈರಸ್ ಸೋಂಕು), ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು) ಪರೀಕ್ಷೆಗಳನ್ನು ಆಸ್ಪತ್ರೆಯಿಂದ ಹೊರಗೆ ಹೋಗಿ ಮಾಡುವುದೇ ಈಗ ನನ್ನ ಮುಖ್ಯ ಕೆಲಸ. ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಹೊತ್ತು, ಲಾರಿಗಳು ರಾತ್ರಿ ತಂಗುವ ಜಾಗ, ಕಟ್ಟಡ ಕೆಲಸದವರ ಶೆಡ್ಡು, ಹೀಗೆ. ಆಸ್ಪತ್ರೆ ತೆರೆದಿರುವಾಗ ಇವರಿಗೆ ದುಡಿಮೆ ಇರುತ್ತದೆ. ಮೈಯಲ್ಲಿ ಏನೂ ತೊಂದರೆ ಇಲ್ಲದಿರುವಾಗ ಅರ್ಧ ದಿನದ ಕೂಲಿ ಬಿಟ್ಟು ಸುಮ್ನೆ ರಕ್ತ ಕೊಡಲು ಯಾರು ಬರುತ್ತಾರೆ ಹೇಳಿ?

ಬೆರಳ ತುದಿಯ ಹನಿ ರಕ್ತದಲ್ಲಿ ಪರೀಕ್ಷೆ ಮಾಡುವ ಕಿಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೆಚ್ಚಿನ ಕಿಟ್‌ಗಳು 2ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಬಿಸಿಲಲ್ಲಿ ನಿಂತ ವ್ಯಾನಿನಲ್ಲಿ ಬಿಡುವ ಹಾಗಿಲ್ಲ. ಪೌಚ್ ಹರಿಯುವುದು ವ್ಯಕ್ತಿ ಎದುರಿಗೆ ಕೂತ ಮೇಲೆಯೇ. ಮೊದಲೇ ಹರಿದಿಟ್ಟರೆ ಗಾಳಿಯ ತೇವ ತಗಲುತ್ತದೆ. ದುಡಿದು ಗಟ್ಟಿಯಾದ ಬೆರಳಿನಿಂದ ರಕ್ತ ಸುಲಭವಾಗಿ ಬರುವುದಿಲ್ಲ. ಅಂಗೈ ಉಜ್ಜಿಸಿ, ಕೈ ಇಳಿಬಿಡಿಸಿ, ಸ್ಪಿರಿಟ್ ಪೂರ್ತಿ ಒಣಗಿದ ಮೇಲೆ ಉಂಗುರ ಬೆರಳಿನ ತುದಿಯ ಪಕ್ಕಕ್ಕೆ ಚುಚ್ಚುತ್ತೇನೆ. ಮೊದಲ ಹನಿ ಒರೆಸಿ ಎರಡನೆಯದನ್ನು ತೆಗೆದುಕೊಳ್ಳುತ್ತೇನೆ. ಜೋರಾಗಿ ಹಿಂಡುವುದಿಲ್ಲ.

ಇದಕ್ಕಿಂತ ಜಾಸ್ತಿ ತಲೆ ತಿಂದದ್ದು ಹೊರಗೆ ನಿಂತವರ ಕಣ್ಣು. ಫಲಿತಾಂಶ ಬರಲು ಹದಿನೈದು, ಇಪ್ಪತ್ತು ನಿಮಿಷ ಬೇಕು. ಸೋಂಕು ಇರಬಹುದು ಎಂದು ತೋರಿಸುವ ಗೆರೆ ಕಿಟ್‌ನ ಪಟ್ಟಿಯ ಮೇಲೆ ಬಂದವರ ಜೊತೆ ಮಾತು ಉದ್ದವಾಗುತ್ತದೆ. ಹೊರಗಿರುವ ಗೆಳೆಯರು ಅದನ್ನೇ ಲೆಕ್ಕ ಹಾಕುತ್ತಾರೆ: ಬೇಗ ಬಂದವನು ಪಾಸು, ತಡವಾದವನು ಫೇಲು. ಹಾಗಾಗಿ ಎಲ್ಲರನ್ನೂ ಅಷ್ಟೇ ಹೊತ್ತು ಕೂರಿಸುತ್ತೇನೆ. ಗೆರೆ ಬರದವರಿಗೂ ಹೇಳುವುದು ಬೇಕಾದಷ್ಟಿದೆ. ಸೋಂಕು ತಗಲಿದ ಹೊಸದರಲ್ಲಿ ಈ ಕಿಟ್‌ಗಳಿಗೆ ಅದು ಸಿಗುವುದಿಲ್ಲ, ಭಯಪಡುವಂಥದ್ದು ಇತ್ತೀಚೆಗೆ ನಡೆದಿದ್ದರೆ ಮೂರು ತಿಂಗಳ ಮೇಲೆ ಮತ್ತೆ ನೋಡಿಸಿ ಅನ್ನುತ್ತೇನೆ. ಜೊತೆಗೆ ಬಿಪಿ, ಶುಗರ್ ಕೂಡ ನೋಡುತ್ತೇನೆ. ಯಾಕೆ ಹೋಗಿದ್ದೆ ಅಂತ ಯಾರಾದರೂ ಕೇಳಿದರೆ ಹೇಳಿಕೊಳ್ಳಲು ಒಂದು ಕಾರಣ ಬೇಕಲ್ವಾ?

"ಮೇಡಂ, ಗೆರೆ ತುಂಬಾ ತೆಳುವಾಗಿದೆ. ಕಾಯಿಲೆ ಸ್ವಲ್ಪವೇ ಇದೆ ಅಂತ ಅಲ್ವಾ?" ಇದು ನಾನು ಪದೇ ಪದೇ ಕೇಳುವ ಪ್ರಶ್ನೆ. ಇಲ್ಲಿ ಸ್ವಲ್ಪ, ಜಾಸ್ತಿ ಅಂತ ಇಲ್ಲ. ಹೇಳಿದ ಸಮಯದೊಳಗೆ ಬಂದರೆ ತೆಳು ಗೆರೆಯೂ ಗೆರೆಯೇ. ಆದರೆ ಒಂದು ಗೆರೆ ನೋಡಿ ತೀರ್ಮಾನ ಹೇಳುವ ಹಾಗೂ ಇಲ್ಲ. ಎಚ್‌ಐವಿ ಇದೆ ಅನ್ನಲು ಬೇರೆ ಬೇರೆ ಮೂರು ಪರೀಕ್ಷೆಗಳಲ್ಲಿ ಬರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಿಫಿಲಿಸ್ ಹಿಂದೆ ಬಂದು ವಾಸಿಯಾಗಿದ್ದರೂ ನಮ್ಮ ಪಟ್ಟಿಯಲ್ಲಿ ಗೆರೆ ಬರಬಹುದು. ಅದಕ್ಕೇ ಮೊದಲು ಹಳೆಯ ಚಿಕಿತ್ಸೆ ಬಗ್ಗೆ ಕೇಳುತ್ತೇನೆ.

ಹೆಪಟೈಟಿಸ್ ಸಿ ಇನ್ನೂ ಬೇರೆ ಥರ. ಕೆಲವರ ಮೈ ವೈರಸ್ಸನ್ನು ತಾನೇ ಓಡಿಸಿರುತ್ತದೆ, ಆದರೂ ಅದರ ವಿರುದ್ಧ ಮೈ ಮಾಡಿಕೊಂಡ ಆ್ಯಂಟಿಬಾಡಿ ಉಳಿದಿರುತ್ತದೆ, ಕಿಟ್ ಹಿಡಿಯುವುದು ಅದನ್ನೇ. ವೈರಸ್ ಈಗಲೂ ಇದೆಯಾ ಅಂತ ತಿಳಿಯಲು ವೈರಸ್ಸಿನ ಅಂಶವನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ ಬೇಕು. "ನಾಳೆ ಆಸ್ಪತ್ರೆಗೆ ಬನ್ನಿ" ಅಂದರೆ ಹೆಚ್ಚಿನವರು ಬರುವುದಿಲ್ಲ. ಆ ಮಾತನ್ನೇ ಬಿಟ್ಟಿದ್ದೇನೆ. ಅದೇ ಕುರ್ಚಿಯಲ್ಲಿ ಕೂತಿರುವಾಗಲೇ ಫಿಲ್ಟರ್ ಕಾಗದದ ವೃತ್ತಗಳಿಗೆ ರಕ್ತ ತುಂಬಿಸಿಕೊಳ್ಳುತ್ತೇನೆ. ಒಂದರ ಮೇಲೊಂದು ಇಡದೆ ಕೆಲವು ಗಂಟೆ ನೆರಳಲ್ಲಿ ಒಣಗಿಸಿ, ತೇವ ಹೀರುವ ಪೊಟ್ಟಣದ ಜೊತೆ ಕವರಿಗೆ ಹಾಕಿ ಲ್ಯಾಬಿಗೆ ಕಳಿಸುತ್ತೇನೆ. ವೈರಸ್ ಇದ್ದರೂ 8ರಿಂದ 12 ವಾರ ಮಾತ್ರೆ ನುಂಗಿದರೆ ನೂರಕ್ಕೆ 95ಕ್ಕಿಂತ ಜಾಸ್ತಿ ಜನರಿಗೆ ವಾಸಿಯಾಗುತ್ತದೆ ಅಂತ ಆಗಲೇ ಹೇಳುತ್ತೇನೆ. ಕೇಳಿದ ಮೇಲೆ ಅವರು ಕೂರುವ ರೀತಿಯೇ ಬದಲಾಗುತ್ತದೆ.

ನನ್ನೆದುರು ಕೂರಲೂ ಒಲ್ಲದವರಿಗೆ ಸ್ವಯಂ ಪರೀಕ್ಷೆಯ ಕಿಟ್ ಕೊಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಎಚ್‌ಐವಿಗೆ 2016ರಲ್ಲಿ, ಹೆಪಟೈಟಿಸ್ ಸಿಗೆ 2021ರಲ್ಲಿ ಒಪ್ಪಿ ಶಿಫಾರಸು ಮಾಡಿತು. ಒಸಡಿಗೆ ಸವರಿ ಮಾಡುವ ಕಿಟ್ಟೇ ಜನರಿಗೆ ಇಷ್ಟ. ತೊಂದರೆ ಏನೆಂದರೆ, ರಾತ್ರಿ ಮಾಡಿ ಬೆಳಗ್ಗೆ ಮತ್ತೆ ನೋಡುತ್ತಾರೆ. ಹೊತ್ತು ಮೀರಿದ ಪಟ್ಟಿಯನ್ನು ನಂಬುವ ಹಾಗಿಲ್ಲ. ಎಷ್ಟು ನಿಮಿಷದೊಳಗೆ ನೋಡಬೇಕು ಅಂತ ಡಬ್ಬಿ ಮೇಲೆ ದಪ್ಪಗೆ ಬರೆದು, ನನ್ನ ಫೋನ್ ನಂಬರನ್ನೂ ಬರೆಯುತ್ತೇನೆ. ಈಗಾಗಲೇ ಎಚ್‌ಐವಿ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಕೊಡುವುದಿಲ್ಲ. ಮಾತ್ರೆಯಿಂದಾಗಿ ಗೆರೆ ಬರದೇ ಹೋಗಬಹುದು, ಆಮೇಲೆ ವಾಸಿಯಾಯಿತು ಅಂತ ಮಾತ್ರೆ ಬಿಡುತ್ತಾರೆ.

ಒಂದು ಗಂಟು ಮಾತ್ರ ಹಾಗೇ ಉಳಿದಿದೆ. ಪರೀಕ್ಷೆಯನ್ನು ರಾತ್ರಿ ಪಾಳಿಯವರ ಹತ್ತಿರ ತಂದೆವು, ಮಾತ್ರೆಗೆ ಮಾತ್ರ ಹಗಲು ಹೊತ್ತಿನಲ್ಲೇ ಹೋಗಬೇಕು. ಚಿಕಿತ್ಸಾ ಕೇಂದ್ರ ವಾರಕ್ಕೆ ಒಂದು ಸಂಜೆಯಾದರೂ ತೆರೆದಿರಲಿ ಅಂತ ಮೀಟಿಂಗ್‌ಗಳಲ್ಲಿ ಕೇಳುತ್ತಲೇ ಇದ್ದೇನೆ. ಅಲ್ಲಿಯವರೆಗೆ, ಗೆರೆ ಬಂದವರ ವಾರದ ರಜೆ ಯಾವತ್ತು ಅಂತ ಕೇಳಿ, ಕೇಂದ್ರ ತೆರೆದಿರುವ ದಿನವಾದರೆ ನಾನೇ ಜೊತೆಗೆ ಹೋಗುತ್ತೇನೆ.